ಗಾಜಿಗೂ ಒಂದು ಕೈ ಮೇಣ

ಆ ಬೀದಿಯಲ್ಲಿ ನರ್ಸಮ್ಮನ ಕಾರಿನಷ್ಟು ಹೊಳೆಯುವ ಕಾರು ಇನ್ನೊಂದಿರಲಿಲ್ಲ. ಅದಕ್ಕೆ ಹದಿನಾಲ್ಕು ವರ್ಷ ವಯಸ್ಸಾಗಿತ್ತು. ಹಿಂದಿನ ಎಡಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಎರಡನೇ ಗೇರಿಗೆ ಹಾಕುವಾಗ ಮುದುಕರ ಹಾಗೆ ಒಮ್ಮೆ ಕೆಮ್ಮುತ್ತಿತ್ತು. ಆದರೆ ಅದರ ಕಡುಹಸಿರು ಮೈಯಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಬೀದಿಯ ಕೆಲವರು ಬಾಚಿಕೊಂಡದ್ದೂ ಉಂಟು.

ಈ ಹೊಳಪಿಗೆಲ್ಲ ಕಾರಣ ಅವಳ ಗಂಡ. ಊರಿಗೆಲ್ಲ ಅವನು ಪಾಲಿಶ್ ಮೇಸ್ತ್ರಿ. ಮೂವತ್ತು ವರ್ಷ ಬಾಗಿಲು, ಕಪಾಟು, ಮೇಜು, ಮಂಚಗಳಿಗೆ ಹೊಳಪು ಕೊಟ್ಟ ಕೈ ಅದು. ಅಂಗಡಿಯ ಡಬ್ಬಿಯನ್ನು ಅವನು ಮುಟ್ಟುತ್ತಿರಲಿಲ್ಲ. ಜೇನುಮೇಣ ಕರಗಿಸಿ, ಟರ್ಪೆಂಟೈನ್ ಬೆರೆಸಿ, ಜೊತೆಗೆ ಇನ್ನೊಂದೇನೋ ಹಾಕಿ ತನ್ನದೇ ಮೇಣ ಮಾಡಿಕೊಳ್ಳುತ್ತಿದ್ದ. ಆ ಇನ್ನೊಂದು ಏನೆಂದು ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ. ಈಚೆಗೆ ಜನ ಸಿದ್ಧ ಕಪಾಟುಗಳನ್ನು ಕೊಂಡು ತರುತ್ತಿದ್ದುದರಿಂದ ಅವನಿಗೆ ಕೆಲಸ ಕಡಿಮೆಯಾಗಿತ್ತು. ವಾರದಲ್ಲಿ ಮೂರು ದಿನ ಕೈ ಖಾಲಿ. ಕೈ ಖಾಲಿ ಇದ್ದರೆ ಅವನ ಮುಖವೂ ಖಾಲಿಯಾಗುತ್ತಿತ್ತು.

ಭಾನುವಾರ ಮಾತ್ರ ಹಾಗಾಗುತ್ತಿರಲಿಲ್ಲ. ಬೆಳಗಿನ ತಿಂಡಿ ಮುಗಿಸಿ, ತೋಳು ಮಡಚಿ, ಹಳೆಯ ಬನಿಯನ್ ಬಟ್ಟೆಯ ಉಂಡೆ ಕೈಗೆತ್ತಿಕೊಂಡು ಕಾರಿನ ಮುಂದೆ ನಿಂತನೆಂದರೆ ಊಟದ ಹೊತ್ತಿನವರೆಗೂ ಅವನು ಈ ಲೋಕದವನಲ್ಲ. ಬಾನೆಟ್ಟು, ಬಾಗಿಲು, ಕನ್ನಡಿಯ ಬೆನ್ನು, ಕೊನೆಗೆ ಮುಂದಿನ ಗಾಜು. ಆ ವರ್ಷದ ಬೇಸಿಗೆಯಿಂದ ಗಾಜಿಗೂ ಒಂದು ಕೈ ಮೇಣ ಬಳಿದು, ಒಣಬಟ್ಟೆಯಲ್ಲಿ ಉಜ್ಜಿ, ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡುತ್ತಿದ್ದ. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಒಮ್ಮೆ ಕಲಿಯಲು ಹೋಗಿ ಗೇಟಿನ ಕಂಬಕ್ಕೆ ಗುದ್ದಿದ ಮೇಲೆ ಸ್ಟೀರಿಂಗಿಗೆ ದೂರದಿಂದಲೇ ಕೈಮುಗಿದಿದ್ದ. ಅಪರೂಪಕ್ಕೆ ಹತ್ತಿದರೂ ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದ. “ನೀನು ಓಡಿಸ್ತೀಯ, ನಾನು ಹೊಳಿಸ್ತೀನಿ. ಸಮಪಾಲು,” ಎನ್ನುತ್ತಿದ್ದ.

ನರ್ಸಮ್ಮನ ಕೆಲಸ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಹಾಸಿಗೆ ಹಿಡಿದವರ ಮೈ ತಿರುಗಿಸಿ ಬೆನ್ನು ನೋಡುವುದು. ದಿನಕ್ಕೆ ಒಂಬತ್ತು ಹತ್ತು ಮನೆ. ಮಳೆಯೆಂದು ಗಾಯ ರಜೆ ಕೊಡುವುದಿಲ್ಲ.

ಆ ವರ್ಷ ಮಳೆ ಹಿಡಿದ ಮೊದಲ ವಾರವೇ ತೊಂದರೆ ಶುರುವಾಯಿತು. ವೈಪರ್ ಹಾಕಿದರೆ ನೀರು ಹೋಗುವ ಬದಲು ಗಾಜಿನ ತುಂಬ ಹಾಲು ಸವರಿದ ಹಾಗೆ ಮಬ್ಬು. ಎದುರಿನ ಗಾಡಿಯ ದೀಪ ಬಿತ್ತೆಂದರೆ ಆ ಮಬ್ಬೆಲ್ಲ ಹೊತ್ತಿಕೊಂಡು ರಸ್ತೆಯೇ ಮಾಯ. ಸಾಲದ್ದಕ್ಕೆ ಸದ್ದು. ವೈಪರ್ ಕಡ್ಡಿ ಗಾಜಿನ ಮೇಲೆ ಸರಾಗವಾಗಿ ಜಾರುವ ಬದಲು ಕಪ್ಪೆಯ ಹಾಗೆ ಕುಪ್ಪಳಿಸುತ್ತ, ಕಟಕಟ ಕಟಕಟ ಎಂದು ಹೋಗಿ, ಕಿರ್ರೆಂದು ವಾಪಸ್ಸು ಬರುತ್ತಿತ್ತು. ಮೂರನೇ ಮನೆ ತಲುಪುವಷ್ಟರಲ್ಲಿ ಅವಳ ಹಲ್ಲುಗಳೂ ಅದೇ ತಾಳಕ್ಕೆ ಕಟಕಟ ಎನ್ನುತ್ತಿದ್ದುವು.

ಹೊಸ ಬ್ಲೇಡು ಹಾಕಿಸಿದಳು. ಎರಡು ದಿನ ಸುಮ್ಮನಿದ್ದು ಮತ್ತೆ ಕುಪ್ಪಳಿಸಿತು. ಇನ್ನೂ ಒಳ್ಳೆಯದು ಎಂದು ಅಂಗಡಿಯವನು ಆಣೆ ಇಟ್ಟು ಕೊಟ್ಟ ಬ್ಲೇಡು ಹಾಕಿಸಿದಳು. ಅದೂ ಅದೇ ದಾರಿ ಹಿಡಿಯಿತು. ಹಳೆಯ ಪತ್ರಿಕೆ ಒದ್ದೆ ಮಾಡಿ ಉಜ್ಜಿದಳು. ವಿನೆಗರ್ ಹಾಕಿ ಒರೆಸಿದಳು, ಕಾರೆಲ್ಲ ಉಪ್ಪಿನಕಾಯಿ ಜಾಡಿಯ ಹಾಗೆ ನಾರಿತೇ ಹೊರತು ಮಬ್ಬು ಜಗ್ಗಲಿಲ್ಲ.

ಒಂದು ಸಂಜೆ ಮಳೆ ನಿಂತು, ಮೋಡದ ಅಡಿಯಿಂದ ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ತಿರುವಿನಲ್ಲಿ ಅವಳಿಗೆ ಬೆಳಕಿನ ಗೋಡೆಯೊಂದನ್ನು ಬಿಟ್ಟರೆ ಏನೂ ಕಾಣಲಿಲ್ಲ. ಏನೋ ಅಳುಕಿ ಬ್ರೇಕ್ ಒತ್ತಿದಳು. ಕಾರು ನಿಂತಿತು. ಪಕ್ಕದ ಕಿಟಕಿ ಇಳಿಸಿ ನೋಡಿದರೆ ಮಡಚಿದ ಕೊಡೆ ಹಿಡಿದ ಮುದುಕರೊಬ್ಬರು, ಒಂದು ಕೈಯನ್ನು ಬಾನೆಟ್ಟಿನ ಮೇಲಿಟ್ಟು ನಿಂತಿದ್ದರು, ಕರುವಿನ ತಲೆ ಸವರುವವರ ಹಾಗೆ.

“ನಿಧಾನ, ತಾಯಿ,” ಎಂದರು ಅವರು. “ಎಲ್ಲರಿಗೂ ಮನೆ ಸೇರೋದಿದೆ.”

ಅವಳ ಜೀವ ಬಾಯಿಗೆ ಬಂದಿತ್ತು. ಮುದುಕರು ರಸ್ತೆ ದಾಟುವವರೆಗೂ ಕಾದಿದ್ದು, ಅಲ್ಲಿಂದ ನೇರ ವಾಹನಗಳ ಗಾಜು ಕೂರಿಸುವ ಅಂಗಡಿಗೆ ಹೋದಳು.

ಅಂಗಡಿ ನಡೆಸುತ್ತಿದ್ದವಳು ಐವತ್ತು ದಾಟಿದ ಹೆಂಗಸು. ಮುಂಗೈ ತುಂಬ ಸಣ್ಣ ಸಣ್ಣ ಹಳೆಯ ಗಾಯದ ಗೆರೆ. ನರ್ಸಮ್ಮನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. ಎರಡಕ್ಕಾದರೂ ಹೊಲಿಗೆ ಹಾಕಿಸಬೇಕಿತ್ತು, ಹಾಕಿಸಿಲ್ಲ ಎಂದುಕೊಂಡಳು. ಗಾಜಿನಂಗಡಿಯವಳ ಕಣ್ಣು ಹೋದದ್ದು ಕಾರಿನ ಗಾಜಿಗೆ.

“ಬ್ಲೇಡು ಬದಲಾಯಿಸಿದ್ರಾ?”

“ಎರಡು ಸಲ.”

“ಬ್ಲೇಡು ಏನು ಮಾಡುತ್ತೆ ಪಾಪ,” ಎನ್ನುತ್ತ ಅವಳು ಒಂದು ಚೊಂಬು ನೀರು ತಂದು ಗಾಜಿನ ಮೇಲೆ ಸುರಿದಳು. “ನೋಡಿ. ಚೊಕ್ಕ ಗಾಜಿನ ಮೇಲೆ ನೀರು ಹಾಳೆ ಥರ ಹರಡ್ಕೊಂಡು ಇಳಿಯುತ್ತೆ. ಇದು ಹನಿಹನಿಯಾಗಿ ಗುಂಡಗೆ ನಿಂತಿದೆ, ತಾವರೆ ಎಲೆ ಮೇಲೆ ನಿಂತ ಹಾಗೆ. ಇದಕ್ಕೆ ಯಾರೋ ಮೇಣ ಹಚ್ಚಿದ್ದಾರೆ. ಒಂದು ಸಲ ಅಲ್ಲ, ವಾರವಾರ ಹಚ್ಚಿದ್ದಾರೆ. ಮೇಣದ ಮೇಲೆ ರಬ್ಬರು ಜಾರುತ್ತೆ, ಅಂಟುತ್ತೆ, ಮತ್ತೆ ಜಾರುತ್ತೆ. ಅದೇ ನಿಮ್ಮ ಕಟಕಟ.” ಬೆರಳಲ್ಲಿ ಗಾಜು ಸವರಿ ನೋಡಿದಳು. “ಒಂದು ಕಡೆ ದಪ್ಪ, ಒಂದು ಕಡೆ ತೆಳು ಅಂತ ಇಲ್ಲವೇ ಇಲ್ಲ. ಒಳ್ಳೇ ಕೈಗಾರನೇ. ಆದ್ರೆ ಗಾಜಿಗೆ ಯಾರಾದ್ರೂ ಮೇಣ ಹಚ್ತಾರಾ? ಯಾರ್ರೀ ಆ ಪೆದ್ದ?”

“ನಮ್ಮನೆಯವರು,” ಎಂದಳು ನರ್ಸಮ್ಮ.

“ಅಯ್ಯೋ.” ಗಾಜಿನಂಗಡಿಯವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಪೆದ್ದ ಅಂದಿದ್ದು ವಾಪಸ್ ತಗೊಂಡೆ. ಕೈಗಾರ ಅಂದಿದ್ದು ಹಾಗೇ ಇರಲಿ.”

ಒಂದು ಗಂಟೆ ಹಿಡಿದು ಅವಳು ಗಾಜನ್ನು ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ಆಮೇಲೆ ವೈಪರಿನ ಕಡ್ಡಿ ಎತ್ತಿ ಒಂದು ಕಣ್ಣು ಮುಚ್ಚಿ ನೋಡಿ, ಇಕ್ಕಳದಿಂದ ಹಿಡಿದು ಕೂದಲೆಳೆಯಷ್ಟು ತಿರುಚಿದಳು. “ಪೊರಕೆ ಎಳೆದಾಗ ಅದರ ತುದಿ ಹಿಂದಕ್ಕೆ ಬಾಗುತ್ತಲ್ಲ, ರಬ್ಬರೂ ಹಾಗೇ ಹೋಗೋವಾಗ ಒಂದು ಕಡೆ, ಬರೋವಾಗ ಇನ್ನೊಂದು ಕಡೆ ಬಾಗ್ಬೇಕು. ನಿಮ್ಮದು ಹಟ ಹಿಡಿದು ಒಂದೇ ಕಡೆಗೆ ನಿಂತಿತ್ತು. ಈಗ ಸರಿಹೋಯ್ತು. ಮನೇಲಿ ಹೇಳಿಬಿಡಿ, ಮೈಗೆ ಎಷ್ಟಾದ್ರೂ ಹಚ್ಚಲಿ, ಗಾಜು ಮಾತ್ರ ಮುಟ್ಟಬೇಡಿ ಅಂತ.”

ಹೇಳುವುದು ಸುಲಭ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು?

ಮೇಸ್ತ್ರಿ ಜಗಳಗಂಟನಾಗಿದ್ದರೆ ನರ್ಸಮ್ಮ ಆ ರಾತ್ರಿಯೇ ಹೇಳಿ, ನಾಲ್ಕು ಮಾತು ಕೇಳಿಸಿಕೊಂಡು, ನಾಲ್ಕು ತಿರುಗಿಸಿ ಕೊಟ್ಟು ಮುಗಿಸಿಬಿಡುತ್ತಿದ್ದಳು. ಅವನು ಅಂಥವನಲ್ಲ. ಅವನು ಬಿಟ್ಟೇಬಿಡುವವನು. ಮದುವೆಯಾದ ಎರಡನೇ ವರ್ಷ ಬಚ್ಚಲಲ್ಲಿ ಹಾಡಿಕೊಳ್ಳುತ್ತಿದ್ದವನಿಗೆ ಅವಳು, “ಸ್ವಲ್ಪ ಮೆಲ್ಲಗೆ, ಪಕ್ಕದ ಮನೆ ಮಗು ಎದ್ದುಬಿಡುತ್ತೆ,” ಎಂದಿದ್ದಳು. ಅವನು ಮುನಿಸಿಕೊಳ್ಳಲಿಲ್ಲ, ಮುಖ ಸಿಂಡರಿಸಲಿಲ್ಲ. ಆದರೆ ಅವತ್ತಿನಿಂದ ಇವತ್ತಿನವರೆಗೆ ಹಾಡಿಲ್ಲ. ಆ ಮಗುವಿಗೆ ಈಗ ಮದುವೆಯಾಗಿದೆ. ಗಾಜಿನ ಮಾತು ಎತ್ತಿದರೆ ಅವನು ಗಾಜನ್ನಷ್ಟೇ ಬಿಡುವುದಿಲ್ಲ, ಕಾರನ್ನೇ ಬಿಡುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಆಮೇಲೆ ಭಾನುವಾರವೂ ಮಿಕ್ಕ ಮೂರು ದಿನಗಳ ಸಾಲಿಗೆ ಸೇರುತ್ತದೆ. ಉಗುಳಲೂ ಆಗದೆ ನುಂಗಲೂ ಆಗದೆ ಅವಳು ಉಪಾಯ ಹುಡುಕತೊಡಗಿದಳು.

“ಗಾಜಿಗೆ ಔಷಧಿ ಹಾಕಿದ್ದಾರಂತೆ ಕಣ್ರೀ,” ಎಂದಳು ಆ ಶನಿವಾರ. “ಒಂದು ತಿಂಗಳು ಮುಟ್ಟಬಾರದಂತೆ.”

“ಏನು ಔಷಧಿ?”

“ಅದೇ... ಗಾಜಿನ ಔಷಧಿ.”

ಮೇಸ್ತ್ರಿ ಯೋಚಿಸಿದ. ಭಾನುವಾರ ಮಧ್ಯಾಹ್ನ ಅವಳು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಗಾಜು ಮಿರಮಿರ ಮಿಂಚುತ್ತಿತ್ತು. “ಅವರ ಔಷಧಿ ಏನೇ ಇರಲಿ, ಅದರ ಮೇಲೆ ನಮ್ಮದೂ ಒಂದು ಕೈ ಇದ್ರೆ ಭದ್ರ,” ಎಂದ, ಸಂತೋಷದಿಂದ.

ಮುಂದಿನ ವಾರ ಮೇಣದ ಡಬ್ಬಿಯನ್ನು ಹಾಸಿಗೆ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಳು. ಅವನು ಅರ್ಧ ದಿನ ಹುಡುಕಿ, ಯಾರನ್ನೂ ಬೈಯದೆ, ಒಲೆ ಹಚ್ಚಿ ಹೊಸ ಮೇಣ ಕರಗಿಸಿದ. ಹಳೆಯದಕ್ಕಿಂತ ಗಟ್ಟಿ.

ಕೊನೆಗೆ ಅವಳು ಒಂದು ಬಾಟಲಿ ಪಾತ್ರೆ ತೊಳೆಯುವ ಸೋಪನ್ನು ಸೀಟಿನಡಿ ಇಟ್ಟುಕೊಂಡಳು. ಸೋಮವಾರ ಬೆಳಗ್ಗೆ ಮೊದಲನೇ ರೋಗಿಯ ಬೀದಿಯ ನಲ್ಲಿ ಹತ್ತಿರ ಕಾರು ನಿಲ್ಲಿಸಿ, ಕಳ್ಳಿಯ ಹಾಗೆ ಅತ್ತಿತ್ತ ನೋಡಿ, ಗಂಡ ಹಾಕಿದ ಹೊಳಪನ್ನು ತಿಕ್ಕಿ ತೆಗೆಯುತ್ತಿದ್ದಳು. ಪೂರ್ತಿ ಹೋಗುತ್ತಿರಲಿಲ್ಲ. ಮುಕ್ಕಾಲು ಪಾಲು ಹೋದರೆ ಸಾಕೆಂದು ನಿಧಾನವಾಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಡಿಸುತ್ತಿದ್ದಳು. ಹೀಗೆ ಐದು ವಾರ ಕಳೆಯಿತು.

ಅವಳ ರೋಗಿಗಳಲ್ಲಿ ಟೈಪಿಸ್ಟ್ ಅಜ್ಜಿ ಎಂಬವರಿದ್ದರು. ಮೂವತ್ತೆಂಟು ವರ್ಷ ಕಚೇರಿಯಲ್ಲಿ ಟೈಪ್ ಮಾಡಿದವರು, ಈಗ ಕಾಲಿನ ಹುಣ್ಣಿನಿಂದ ಮನೆ ಹಿಡಿದಿದ್ದರು. ಪಟ್ಟಿ ಬಿಚ್ಚುವಾಗ ನೋವು ತಡೆಯಲು ಮಂಚದ ಅಂಚಿನ ಮೇಲೆ ಹತ್ತೂ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಮೊಮ್ಮಗಳಿಗೆ ಕೊಡಬೇಕೆಂದಿದ್ದ ಹಳೆಯ ಕಪಾಟೊಂದಕ್ಕೆ ಪಾಲಿಶ್ ಆಗಬೇಕು ಎಂದು ಅವರು ಹೇಳಿದಾಗ ನರ್ಸಮ್ಮ ಮರುಮಾತಿಲ್ಲದೆ ಒಪ್ಪಿಕೊಂಡಳು. ಸೋಮವಾರ ಮಧ್ಯಾಹ್ನ ಮೇಸ್ತ್ರಿಯನ್ನು ಕರೆದೊಯ್ಯುವುದೆಂದಾಯಿತು.

ಆ ಸೋಮವಾರ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಗಾಜಿನ ಮೇಲೆ ಹಿಂದಿನ ದಿನದ ಮೇಣ ಹಾಗೇ ಇತ್ತು. ಬೆಳಗ್ಗೆ ಮಳೆಯೂ ಇರಲಿಲ್ಲವಾದ್ದರಿಂದ ಅವಳು ಆ ಕಡೆ ಗಮನ ಕೊಟ್ಟಿರಲಿಲ್ಲ. ಮಧ್ಯಾಹ್ನ ಹಿಂದಿನ ಸೀಟಿನ ತುಂಬ ಡಬ್ಬಿ, ಬಾಟಲಿ, ಬಟ್ಟೆಗಂಟು, ಮರಳು ಕಾಗದದ ಸುರುಳಿ ತುಂಬಿಕೊಂಡುವು. ಬೇರೆ ದಾರಿಯಿಲ್ಲದೆ ಮೇಸ್ತ್ರಿ ಮುಂದೆ ಕೂತ.

ಸೇತುವೆ ದಾಟುತ್ತಿದ್ದಂತೆ ಆಕಾಶ ಹರಿದುಕೊಂಡು ಬಿತ್ತು. ಅವಳು ಉಸಿರು ಬಿಗಿಹಿಡಿದು ವೈಪರ್ ಹಾಕಿದಳು. ಕಟಕಟ ಕಟಕಟ, ಕಿರ್ರ್. ಮೇಸ್ತ್ರಿ ಕಣ್ಣು ಬಿಟ್ಟ. ಎದುರಿನಿಂದ ಲಾರಿಯೊಂದು ದೀಪ ಹೊತ್ತಿಸಿಕೊಂಡು ಬಂತು. ಗಾಜೆಲ್ಲ ಒಮ್ಮೆಗೇ ಬೆಳ್ಳಗೆ ಉರಿಯಿತು.

“ಏನೇ ಇದು! ಏನೂ ಕಾಣ್ತಿಲ್ಲ!” ಅವನು ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡ. “ನಿನಗೆ ಕಾಣ್ತಿದೆಯಾ?”

“ಸ್ವಲ್ಪ.”

“ಸ್ವಲ್ಪ ಅಂದ್ರೆ?”

“ಎಡಗಡೆ ಮೂಲೆಯಲ್ಲಿ ಸ್ವಲ್ಪ.”

“ನಿಲ್ಲಿಸು. ನಿಲ್ಲಿಸು ಮೊದಲು!”

ಬಾಗಿಲು ಹಾಕಿದ ಟೈರಿನಂಗಡಿಯ ಮುಂದೆ ಉದ್ದನೆಯ ತಗಡಿನ ಚಾವಣಿಯಿತ್ತು. ಅದರಡಿ ತಂದು ನಿಲ್ಲಿಸಿದಳು. ಮೇಸ್ತ್ರಿ ಇಳಿದು ಗಾಜಿನ ಮುಂದೆ ನಿಂತ. ನೀರು ಗುಂಡು ಗುಂಡಾಗಿ ನಿಂತಿತ್ತು. ತೋರುಬೆರಳಲ್ಲಿ ಒಂದು ಗೆರೆ ಎಳೆದ. ಬೆರಳನ್ನು ಹೆಬ್ಬೆರಳಿಗೆ ಉಜ್ಜಿದ. ಮೂಗಿಗೆ ಹಿಡಿದ. ಮೂವತ್ತು ವರ್ಷ ತಾನೇ ಬೇಯಿಸಿದ ಮೇಣದ ಗುರುತು ಹತ್ತದಷ್ಟು ಅವನ ಮೂಗು ಕೆಟ್ಟಿರಲಿಲ್ಲ. ತಗಡಿನ ಮೇಲೆ ಮಳೆ ಜಾಗಟೆ ಬಾರಿಸಿದ ಹಾಗೆ ಬಾರಿಸುತ್ತಿತ್ತು. ಅವಳು ಇಳಿದು ಬಂದು ಅವನ ಪಕ್ಕ ನಿಂತಳು.

“ಎಷ್ಟು ದಿನದಿಂದ ಹೀಗಿದೆ?”

“ಮಳೆ ಶುರುವಾದಾಗಿನಿಂದ.”

“ನಿನಗೆ ಗೊತ್ತಿತ್ತಾ, ಇದು ನನ್ನ ಮೇಣ ಅಂತ?”

ಅವಳು ತಲೆಯಾಡಿಸಿದಳು. ಗಾಜಿನಂಗಡಿಯವಳ ಮಾತು, ಔಷಧಿಯ ಸುಳ್ಳು, ನಲ್ಲಿ ಹತ್ತಿರ ತಿಕ್ಕಿದ್ದು, ಎಲ್ಲ ಒಂದೊಂದಾಗಿ ಹೇಳಿದಳು. ಕೊಡೆ ಹಿಡಿದ ಮುದುಕರ ವಿಷಯವನ್ನು ಬಿಟ್ಟುಬಿಡೋಣ ಎಂದುಕೊಂಡವಳು, ಬಾಯಿ ತಡೆಯದೆ ಅದನ್ನೂ ಹೇಳಿದಳು.

“ಇಷ್ಟೆಲ್ಲ ಆಗಿ, ನನಗೊಂದು ಮಾತು ಹೇಳಲಿಲ್ಲ ನೀನು.”

“ಹೇಳಿದ್ರೆ ನೀವು ಬಿಟ್ಟುಬಿಡ್ತಿದ್ರಿ.”

“ಏನನ್ನ?”

“ಎಲ್ಲಾನೂ. ಬಟ್ಟೆ ಉಂಡೆ ಎತ್ತಿ ಅಟ್ಟಕ್ಕೆ ಹಾಕಿ, ಭಾನುವಾರ ಕುರ್ಚೀಲಿ ಕೂತು ಗೋಡೆ ನೋಡ್ತಿದ್ರಿ. ನನಗೆ ಅದನ್ನ ನೋಡೋಕಾಗಲ್ಲ.”

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮೇಸ್ತ್ರಿ ದನಿ ಎತ್ತಿದ್ದು ಅದೇ ಮೊದಲು. “ನನ್ನ ಮನಸ್ಸಿಗೆ ಬೇಜಾರಾಗುತ್ತೆ ಅಂತ ನೀನು ಕಣ್ಣುಕಟ್ಟಿಕೊಂಡು ಗಾಡಿ ಓಡಿಸ್ತೀಯಾ? ನನ್ನ ಬೇಜಾರು ಹೆಚ್ಚೋ, ನಿನ್ನ ಜೀವ ಹೆಚ್ಚೋ? ನಾಳೆ ನಿನಗೇನಾದ್ರೂ ಆಗಿದ್ರೆ ಈ ಹೊಳಪು ಇಟ್ಕೊಂಡು ನಾನೇನು ಮಾಡ್ಲಿ? ಮುಖ ನೋಡ್ಕೊಳ್ಲಾ?” ಅವನು ತಿರುಗಿ ನಿಂತು ಮೂಗೊರೆಸಿಕೊಂಡ. ನರ್ಸಮ್ಮನಿಗೆ ಬೈಸಿಕೊಂಡ ದುಃಖ ಬರಲೇ ಇಲ್ಲ. ಬಹಳ ದಿನ ಹೊತ್ತ ಚೀಲವನ್ನು ಕೆಳಗಿಟ್ಟ ಹಾಗಾಯಿತು.

ಆಮೇಲೆ ಅವನು ಹಿಂದಿನ ಬಾಗಿಲು ತೆರೆದು ಬಾಟಲಿಗಳನ್ನು ಒಂದೊಂದಾಗಿ ಹೊರಗೆ ಜೋಡಿಸಿದ.

“ಏನು ಮಾಡ್ತಿದ್ದೀರಿ?”

“ಹಚ್ಚೋದು ಯಾರು ಬೇಕಾದ್ರೂ ಹಚ್ತಾರೆ. ಹಳೇ ಪಾಲಿಶ್ ತೆಗೀಬೇಕಲ್ಲ, ಅಲ್ಲಿ ತಿಳಿಯುತ್ತೆ ಮೇಸ್ತ್ರಿ ಯಾರು ಅಂತ. ಸೋಪು ಹಾಕಿದ್ಲಂತೆ ಸೋಪು!” ಅವನ ದನಿಯಲ್ಲಿ ತಿರಸ್ಕಾರ ಕೇಳಿ ಅವಳಿಗೆ ಸಮಾಧಾನವಾಯಿತು. “ಮೇಣಕ್ಕೆ ಮೊದಲು ಟರ್ಪೆಂಟೈನ್ ತೋರಿಸ್ಬೇಕು, ಅದರ ಜಿಡ್ಡು ಹೋಗೋಕೆ ಸ್ಪಿರಿಟ್, ಸೋಪು ಏನಿದ್ರೂ ಕೊನೇಗೆ. ನೀನು ಆ ಒಣಬಟ್ಟೆ ಹಿಡ್ಕೊ.”

ಗಾಜನ್ನು ಒಣಗಿಸಿ, ಸುತ್ತಲಿನ ಬಣ್ಣಕ್ಕೆ ತಾಗದ ಹಾಗೆ ಅಂಚಿಗೆ ಬಟ್ಟೆ ಒತ್ತಿಟ್ಟು, ಟರ್ಪೆಂಟೈನ್ ಅದ್ದಿದ ಉಂಡೆಯಿಂದ ಮೇಲಿನಿಂದ ಕೆಳಕ್ಕೆ ಎಳೆಯತೊಡಗಿದ. ಪ್ರತಿ ಎಳೆತಕ್ಕೂ ಬಟ್ಟೆಯ ಹೊಸ ಮಗ್ಗುಲು. ಹಳದಿ ಜಿಡ್ಡು ಬಟ್ಟೆಗೆ ಏರಿತು. ಆಮೇಲೆ ಸ್ಪಿರಿಟ್, ಅವಳ ಕೈಯ ಒಣಬಟ್ಟೆ, ಮತ್ತೆ ಸ್ಪಿರಿಟ್. ಸೀಟಿನಡಿಯ ಸೋಪಿನ ಬಾಟಲಿಯನ್ನು ಅವಳು ನಾಚಿಕೊಂಡು ತೆಗೆದುಕೊಟ್ಟಳು. ಚಾವಣಿಯ ಅಂಚಿನಿಂದ ಬೀಳುವ ನೀರನ್ನೇ ಡಬ್ಬಿಯಲ್ಲಿ ಹಿಡಿದು ತೊಳೆದರು. ವೈಪರಿನ ಅಂಚಿಗೆ ಅವನು ಟರ್ಪೆಂಟೈನ್ ಮುಟ್ಟಿಸಲಿಲ್ಲ. “ರಬ್ಬರು ಊದಿಬಿಡುತ್ತೆ,” ಎಂದು ಬರೀ ಸ್ಪಿರಿಟ್ಟಿನಲ್ಲಿ, ಮಗುವಿನ ಕಿವಿ ಒರೆಸುವಷ್ಟು ಮೆತ್ತಗೆ ಒರೆಸಿದ. ಬಟ್ಟೆಯ ಮೇಲೆ ಕಪ್ಪು ಗೆರೆಗಳು ಮೂಡುತ್ತ ಮೂಡುತ್ತ ನಿಂತುಹೋದುವು. ಕಡೆಯದಾಗಿ ಒಂದು ಡಬ್ಬಿ ನೀರನ್ನು ಗಾಜಿನ ಮೇಲೆ ಚೆಲ್ಲಿದ. ನೀರು ಹಾಳೆಯಾಗಿ ಹರಡಿ, ಸದ್ದಿಲ್ಲದೆ ಇಳಿದುಹೋಯಿತು.

“ಗಾಜಿನಂಗಡಿಯಾಕೆ ಹೇಳಿದ್ದು ಹೀಗೇನಾ?”

“ಹೀಗೇ.”

“ಹೂಂ,” ಎಂದ ಮೇಸ್ತ್ರಿ. “ತಿಳಿದೋಳು.”

ಟೈಪಿಸ್ಟ್ ಅಜ್ಜಿಯ ಮನೆ ತಲುಪಿದಾಗ ಒಂದೂವರೆ ಗಂಟೆ ತಡವಾಗಿತ್ತು. ಇಬ್ಬರ ಮೈಯೂ ಟರ್ಪೆಂಟೈನ್ ನಾರುತ್ತಿತ್ತು. ಅಜ್ಜಿ ಮೂಗು ಮುಚ್ಚಿಕೊಂಡೇ ಕಾರಣ ಕೇಳಿದರು, ನರ್ಸಮ್ಮ ಪಟ್ಟಿ ಬಿಚ್ಚುತ್ತ ಪೂರ್ತಿ ಕತೆ ಹೇಳಿದಳು. ಆಚೆ ಮೇಸ್ತ್ರಿ ಕಪಾಟಿನ ಬಾಗಿಲಿನ ನಿಲುವುಗನ್ನಡಿಯ ಸುತ್ತ, ಮೇಣ ತಾಗದಿರಲೆಂದು, ಕಾಗದದ ಪಟ್ಟಿ ಅಂಟಿಸುತ್ತಿದ್ದ. ಅಂಟಿಸುತ್ತಿದ್ದವನು ಹಾಗೇ ನಿಂತುಬಿಟ್ಟ.

“ನೋಡಿದ್ರಾ ಅಜ್ಜಿ,” ಎಂದ. “ಮೂವತ್ತು ವರ್ಷದಲ್ಲಿ ಒಂದು ಕನ್ನಡಿಗೂ ಮೇಣ ತಾಗಿಸಿದವನಲ್ಲ ನಾನು. ಕಾರಿನ ಗಾಜು ಅಂದಾಗ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತೋ.”

“ಬೇರೆಯವರ ಕಪಾಟಾದ್ರೆ ಬುದ್ಧಿ ಕೆಲಸ ಮಾಡುತ್ತಪ್ಪ,” ಎಂದರು ಅಜ್ಜಿ, ಮಂಚದ ಅಂಚಿನ ಮೇಲೆ ಬೆರಳು ಆಡಿಸುತ್ತ. “ಹೆಂಡತಿ ಕಾರು ಅಂದ್ರೆ ಅದಕ್ಕೆ ಕೈ ತಡೆಯೋದು ಗೊತ್ತಾಗಲ್ಲ.”

ನರ್ಸಮ್ಮ ಹೆದರಿದಂತೆ ಅವನು ಏನನ್ನೂ ಬಿಡಲಿಲ್ಲ. ಮುಂದಿನ ಭಾನುವಾರ ಗಾಜಿನ ಸುತ್ತ ಕಾಗದದ ಪಟ್ಟಿ ಅಂಟಿಸಿಕೊಂಡು ಮಿಕ್ಕ ಮೈಗೆಲ್ಲ ಎರಡು ಕೈ ಮೇಣ ಬಳಿದ. ಆಮೇಲೆ ನೀರು ಚೆಲ್ಲಿ ಗಾಜಿನ ಪರೀಕ್ಷೆ ಮಾಡಿದ. ಬಂದ ಹೊಸ ತೊಂದರೆ ಬೇರೆಯದು. ಮಳೆಯ ದಿನ ಗಾಜು ಹೇಗಿದೆಯೋ ನೋಡಬೇಕೆಂದು ಅವನು ಮುಂದಿನ ಸೀಟಿನಲ್ಲಿ ಕೂತು ಬರತೊಡಗಿದ. ಕಣ್ಣು ಮುಚ್ಚುವುದಿರಲಿ, ಮಿಟುಕಿಸುತ್ತಲೂ ಇರಲಿಲ್ಲ.

“ಸೈಕಲ್ಲು, ಸೈಕಲ್ಲು! ಬ್ರೇಕು! ಅಗೋ ಅಲ್ಲಿ ಗುಂಡಿ. ಆ ನಾಯಿಗೆ ದಾಟೋ ಯೋಚನೆ ಇದೆ ನೋಡು. ಗೇರು ಕೆಮ್ತಾ ಇದೆ. ಬಸ್ಸು!”

“ಬಸ್ಸು ಸ್ಟಾಪಿನಲ್ಲಿ ನಿಂತಿದೆ ಕಣ್ರೀ.”

“ಹೊರಟ್ರೆ?”

ವೈಪರ್ ಗಾಜಿನ ಮೇಲೆ ರೇಷ್ಮೆಯ ಹಾಗೆ ಹೋಗಿ ಬರುತ್ತಿತ್ತು. ರಸ್ತೆಯ ಒಂದೊಂದು ಕಲ್ಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ನರ್ಸಮ್ಮ ಹತ್ತು ನಿಮಿಷ ತಡೆದುಕೊಂಡಳು.

“ಮೇಣ ಇದ್ದಾಗಲೇ ನೆಮ್ಮದಿಯಾಗಿತ್ತು ನನಗೆ,” ಎಂದಳು.

ಮೇಸ್ತ್ರಿ ಗಾಜಿನಿಂದ ಕಣ್ಣು ಕೀಳಲಿಲ್ಲ.

“ಬೇಕಾದ್ರೆ ಒಂದು ಕೈ ಹಚ್ಲಾ?” ಎಂದ. “ನನ್ನ ಕಡೆ ಮಾತ್ರ.”